ಅಡುಗೆಕಟ್ಟೆಗೊಂದು ಕಲ್ಲು

ನನ್ನ ಗಂಡನಿಗೆ ಕಲ್ಲೆಂದರೆ ಪ್ರಾಣ. ಹೆಂಡತಿಯೆಂದರೂ ಪ್ರಾಣವೇ ಇರಬಹುದು, ಆದರೆ ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಕಲ್ಲಿನ ವಿಷಯಕ್ಕೆ ಬಂದರೆ ಬಾಯಿ ಮುಚ್ಚಿದವರೂ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಓದಿದ್ದು ಭೂವಿಜ್ಞಾನ. ಊರೆಲ್ಲ ಅವರನ್ನು ಕಲ್ಲು ಮೇಷ್ಟ್ರು ಅನ್ನುತ್ತದೆ. ಆ ಹೆಸರು ಕೇಳಿ ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಳ್ಳುತ್ತಿದ್ದರು, ಇವರು ಹಲ್ಲು ಬಿಡುತ್ತಾರೆ. ಎಲ್ಲ ಹೆಂಗಸರೂ ಬಟ್ಟೆ ಒಗೆಯುವ ಮುಂಚೆ ಗಂಡನ ಜೇಬು ತಡಕುವುದು ದುಡ್ಡಿಗೆ. ನಾನು ತಡಕುವುದು ಕಲ್ಲಿಗೆ. ಒಮ್ಮೆ ಮರೆತದ್ದಕ್ಕೆ ವಾಷಿಂಗ್ ಮಷಿನ್ನು ಇಡೀ ಬೀದಿಗೆ ಕೇಳುವ ಹಾಗೆ ಬಡಿದುಕೊಂಡು ಪ್ರಾಣ ಬಿಟ್ಟಿತು. ಅವರು ಓಡಿ ಬಂದು ಮೊದಲು ಕೇಳಿದ್ದು, “ಕಲ್ಲಿಗೆ ಏನೂ ಆಗಿಲ್ಲ ತಾನೇ?”

ಇಂಥವರ ಮನೆಯಲ್ಲಿ ಅಡುಗೆಕಟ್ಟೆಗೆ ಒಂದು ಕಲ್ಲಿಲ್ಲದೆ ನಾನು ಬೇಸಿಗೆಯಿಂದ ಚಳಿಗಾಲದವರೆಗೆ ಊಟದ ಮೇಜಿನ ಮೇಲೆ ಹಿಟ್ಟು ಲಟ್ಟಿಸಿದೆ ಅಂದರೆ ಯಾರಾದರೂ ನಂಬುತ್ತಾರೆಯೇ? ಆ ಮೇಜಿನ ಒಂದು ಕಾಲು ಗಿಡ್ಡ. ಲಟ್ಟಣಿಗೆ ಮುಂದೆ ಹೋದರೆ ಮೇಜು ಹಿಂದೆ ಬರುತ್ತಿತ್ತು. ಗಿಡ್ಡ ಕಾಲಿನ ಅಡಿಗೆ ಇವರು ಒಂದು ಚಪ್ಪಟೆ ಕಲ್ಲು ಇಟ್ಟುಕೊಟ್ಟರು, ಅದು ಯಾವ ಕಾಲದ ಕಲ್ಲು ಅಂತ ವಿವರಣೆಯನ್ನೂ ಕೊಟ್ಟರು. ಮೇಜು ಆಮೇಲೆಯೂ ಆಡುತ್ತಲೇ ಇತ್ತು.

ನನ್ನ ಕಸುಬು ಬೇಕರಿಯದು. ಬನ್ನು, ಬ್ರೆಡ್ಡು, ಬಿಸ್ಕತ್ತು, ಪಫ್, ನಿಂಬೆಹಣ್ಣಿನ ಕೇಕು. ಇಷ್ಟು ವರ್ಷ ಮಾಡಿದ್ದೆಲ್ಲ ಪೇಟೆಯ ದೊಡ್ಡ ಬೇಕರಿಯ ಹಿಂಬದಿಯ ಕೋಣೆಯಲ್ಲಿ, ಇನ್ನೊಬ್ಬರ ಹೆಸರಿನಲ್ಲಿ. ಪಫ್ ತಿಂದ ಗಿರಾಕಿ ಮೆಚ್ಚಿಕೊಂಡರೆ ಯಜಮಾನ ಗಲ್ಲಾದಿಂದಲೇ, “ನಮ್ಮ ಹಿಂದಿನ ಕೋಣೆ ಹುಡುಗಿ ಮಾಡೋದು” ಅನ್ನುತ್ತಿದ್ದ. ಹುಡುಗಿಗೆ ಮೊಣಕಾಲು ನೋವು ಬಂದಿತ್ತು, ತಲೆ ನರೆತಿತ್ತು. ಒಂದು ದಿನ ರೈಲ್ವೆ ಸ್ಟೇಷನ್ನಿನ ಟೀ ಅಂಗಡಿಯಾಕೆ ನನ್ನನ್ನು ದಾರಿಯಲ್ಲಿ ತಡೆದು ಹೇಳಿದಳು: “ಅಕ್ಕಾ, ಮನೇಲೇ ಮಾಡು. ಪರವಾನಗಿ ಒಂದು ತಗೊಂಡು ಬಾ, ಬೆಳಿಗ್ಗೆ ಸಂಜೆ ಎಷ್ಟು ಮಾಡಿದ್ರೂ ನಾನೇ ತಗೋತೀನಿ. ಡಬ್ಬಿ ಮೇಲೆ ನಿನ್ನ ಹೆಸರೇ ಇರ್ಲಿ.”

ಡಬ್ಬಿಯ ಮೇಲೆ ನನ್ನ ಹೆಸರು! ಆ ಮಾತು ಕೇಳಿ ನಾನು ಮನೆಗೆ ನಡೆದುಕೊಂಡು ಬಂದೆನೋ ಹಾರಿಕೊಂಡು ಬಂದೆನೋ ಗೊತ್ತಿಲ್ಲ. ಮಾರನೆಯ ದಿನವೇ ಆರೋಗ್ಯ ಕಚೇರಿಗೆ ಹೋಗಿ ಅರ್ಜಿ ಹಾಕಿದೆ. ಗುಮಾಸ್ತ ನಮ್ಮ ಅಡುಗೆಮನೆಯ ಫೋಟೋ ನೋಡಿ, “ಮರದ ಕಟ್ಟೆ ನಡೆಯಲ್ಲಮ್ಮ, ತೆಗೆಸಿ ಪಾಲಿಶ್ ಮಾಡಿರೋ ಕಲ್ಲು ಹಾಕಿಸಿ, ಆಮೇಲೆ ನಮ್ಮ ಅಧಿಕಾರಿ ಬಂದು ನೋಡ್ತಾರೆ” ಅಂದ. ಅಧಿಕಾರಿ ಬರುವ ದಿನ ತಪ್ಪಿದರೆ ಅಥವಾ ಅವರು ಬೇಡವೆಂದರೆ ಅರ್ಜಿ ಮತ್ತೆ ಸಾಲಿನ ಕೊನೆಗೆ. ಅಂದರೆ ಇನ್ನೊಂದು ವರ್ಷ ಹಿಂದಿನ ಕೋಣೆಯ ಹುಡುಗಿ.

ಮರದ ಕಟ್ಟೆಯನ್ನು ನಾನೇ ಬಡಗಿಯನ್ನು ಕರೆಸಿ ಕಿತ್ತುಹಾಕಿಸಿದೆ. ಕಲ್ಲು ತರುವ ಕೆಲಸ ನನ್ನ ಗಂಡನಿಗೆ ಬಿಟ್ಟೆ. ಕಲ್ಲಿನ ಮನುಷ್ಯನಲ್ಲವೇ, ಕಲ್ಲು ತರಲಿ ಅಂತ. ಅಯ್ಯೋ ನನ್ನ ಬುದ್ಧಿಯೇ! ಬೆಕ್ಕಿಗೆ ಹಾಲು ಕಾಯಲು ಹೇಳಿದರೆ ಕುಡಿದಾದರೂ ಮುಗಿಸುತ್ತದೆ. ಇವರು ಮುಗಿಸುವ ಜನವೇ ಅಲ್ಲ.

ಮೊದಲ ಸಲ ಕಲ್ಲಿನ ಡಿಪೋಗೆ ಹೋದಾಗ ನಾನೂ ಜೊತೆಗಿದ್ದೆ. ದೊಡ್ಡ ಶೆಡ್ಡು, ಸ್ಲ್ಯಾಬುಗಳನ್ನು ಪುಸ್ತಕದ ಹಾಗೆ ಸಾಲಾಗಿ ನಿಲ್ಲಿಸಿದ್ದರು, ನೀರು ಹನಿಸಿಕೊಂಡು ಗರಗಸ ಕಿರುಚುತ್ತಿತ್ತು. ವ್ಯಾಪಾರಿ ಒಳ್ಳೆಯ ಮನುಷ್ಯ. ಮೀಸೆಯ ಮೇಲೂ ಕಲ್ಲಿನ ಪುಡಿ. ಬೂದು ಬಣ್ಣದ ಸ್ಲ್ಯಾಬಿನ ಮೇಲೆ ಒದ್ದೆ ಬಟ್ಟೆ ಎಳೆದು, “ಮೇಷ್ಟ್ರೇ, ಫಸ್ಟ್ ಕ್ಲಾಸ್ ಗ್ರಾನೈಟು” ಅಂದ. ಕರಿ ಬಿಳಿ ಅಲೆ ಅಲೆಯಾಗಿ ಹರಿದಿದ್ದ ಆ ಕಲ್ಲು ನನಗಂತೂ ಹಿಡಿಸಿತು. ಇವರು ಜೇಬಿನಿಂದ ಭೂತಗನ್ನಡಿ ತೆಗೆದು ಕಲ್ಲಿಗೆ ಮೂಗು ಹಚ್ಚಿದರು.

“ಇದು ಗ್ರಾನೈಟ್ ಅಲ್ಲ” ಅಂದರು.

“ಅಲ್ವಾ? ಮತ್ತೇನು ಸಾರ್, ಮೈಸೂರು ಸೋಪಾ?” ಅಂದುಬಿಡಬೇಕೆಂಬ ಮುಖ ಮಾಡಿದ ವ್ಯಾಪಾರಿ, ಆದರೆ ಸುಮ್ಮನೆ ನಕ್ಕ.

“ಇಲ್ಲಿ ನೋಡ್ರಿ, ಪಟ್ಟೆ ಪಟ್ಟೆ ಇದೆ. ಕಾಗೆಬಂಗಾರದ ಚೂರೆಲ್ಲ ಒಂದೇ ಕಡೆ ಮುಖ ಮಾಡಿ ಮಲಗಿವೆ. ಇದು ರೂಪಾಂತರ ಶಿಲೆ. ಗ್ರಾನೈಟ್ ಅಗ್ನಿಶಿಲೆ. ನೆಲದೊಳಗೆ ಕರಗಿದ ಕಲ್ಲು ನಿಧಾನಕ್ಕೆ ತಣ್ಣಗಾಗಿ ಗಟ್ಟಿಯಾಗಿದ್ದು. ಅದರಲ್ಲಿ ಹರಳು ಅಡ್ಡಾದಿಡ್ಡಿ ಕೂತಿರತ್ತೆ, ಪಟ್ಟೆ ಇರಲ್ಲ. ಇದು ಹಾಗಲ್ಲ. ಇದ್ದ ಕಲ್ಲೇ ಶಾಖಕ್ಕೆ, ಒತ್ತಡಕ್ಕೆ ಸಿಕ್ಕಿ, ಕರಗದೇನೇ ಬೇರೆ ಕಲ್ಲಾಗಿದೆ.”

“ಮೇಷ್ಟ್ರೇ, ನಮ್ಮ ದಂಧೇಲಿ ಎರಡೇ ಜಾತಿ” ಅಂದ ವ್ಯಾಪಾರಿ. “ಗಟ್ಟಿ ಇದ್ರೆ ಗ್ರಾನೈಟು, ಮೆತ್ತಗಿದ್ರೆ ಮಾರ್ಬಲ್ಲು. ನಮ್ಮಪ್ಪನ ಕಾಲದಿಂದ್ಲೂ ಹಾಗೇನೇ.”

“ನಿಮ್ಮಪ್ಪ ಹೇಳಿದ್ರೆ ಕಲ್ಲು ಹುಟ್ಟು ಬದಲಾಯಿಸತ್ತಾ?”

ನಾನು ಇವರ ಅಂಗಿಯ ತೋಳು ಜಗ್ಗಿದೆ. “ರೀ, ಬಿಸಿ ಪಾತ್ರೆ ಇಟ್ರೆ ತಡೆಯತ್ತಾ ಇದು?”

“ತಡೆಯತ್ತೆ.”

“ನಿಂಬೆಹುಳಿ ಬಿದ್ರೆ?”

“ಏನೂ ಆಗಲ್ಲ.”

“ಮತ್ತಿನ್ನೇನು ರೋಗ ನಿಮಗೆ? ತಗೊಳ್ಳಿ!”

“ಬಿಲ್ಲಲ್ಲಿ ಗ್ರಾನೈಟ್ ಅಂತ ಬರೀತಾನೆ ಕಣೇ. ಅದಕ್ಕೆ ನಾನು ಸಹಿ ಹಾಕಬೇಕು. ಬೆಳಿಗ್ಗೆ ಮಕ್ಕಳಿಗೆ ಒಂದು ಹೇಳಿ ಸಂಜೆ ಸುಳ್ಳಿಗೆ ಸಹಿ ಹಾಕ್ಲಾ?”

ಎರಡನೆಯ ಡಿಪೋದಲ್ಲಿ ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಕಲ್ಲು ತೋರಿಸಿದರು. ಬ್ಲ್ಯಾಕ್ ಗ್ರಾನೈಟ್ ಅಂತ ಚೀಟಿ ಅಂಟಿಸಿತ್ತು. ಇವರು ನೋಡಿ, “ಇದು ಅಗ್ನಿಶಿಲೆ, ನಿಜ” ಅಂದರು. ನನ್ನ ಜೀವ ಬಂತು. “ಆದ್ರೆ ಗ್ರಾನೈಟ್ ಅಲ್ಲ, ಗ್ಯಾಬ್ರೊ” ಅಂದರು. ಬಂದ ಜೀವ ಹೋಯಿತು. ಬಿಲ್ಲಿನಲ್ಲಿ ಗ್ಯಾಬ್ರೊ ಅಂತ ಬರೆದುಕೊಡಿ, ಈಗಲೇ ಎತ್ತಿಕೊಂಡು ಹೋಗುತ್ತೇನೆ ಅಂತ ಹಟ ಹಿಡಿದರು. ಆ ವ್ಯಾಪಾರಿ, “ಸಾರ್, ಗ್ಯಾಬ್ರೊ ಅಂತ ಬರೆದ್ರೆ ನಾಳೆ ನನ್ನ ಅಂಗಡಿಗೆ ನಾಯೀನೂ ಬರಲ್ಲ” ಅಂದ. ಮೂರನೆಯ ಕಡೆ ಇವರ ಮುಖ ದೂರದಲ್ಲಿ ಕಂಡಕೂಡಲೇ ಕೆಲಸದವನು ಷಟರು ಎಳೆದ. ಸುದ್ದಿ ಹಬ್ಬಿತ್ತು.

ಮನೆಯಲ್ಲಿ ನಮ್ಮತ್ತೆ ಒಬ್ಬರಿದ್ದಾರೆ. ಮಗನನ್ನು ಬಯ್ಯುವುದರಲ್ಲಿ ನನಗಿಂತ ಅನುಭವಸ್ಥೆ. “ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋನು ಅವನು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ, ನೀನು ಯಾಕೆ ಗಂಟಲು ಹರಕೋತೀಯ?” ಅನ್ನುತ್ತಿದ್ದರು. ಅವರಿಗೇನು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರೆ ಆಯಿತು. ಬೇಕರಿ ಕೆಲಸ ಮುಗಿಸಿ ಬಂದು ನಾನು ಮನೆಯಲ್ಲಿ ಕೈ ಪಳಗಿಸಿಕೊಳ್ಳುತ್ತಿದ್ದೆ, ಮೇಜಿನ ತುಂಬ ನನ್ನ ಮೈದಾಹಿಟ್ಟು. ನನಗೆ ಪಫ್ ಹಿಟ್ಟು ಏಳುತ್ತಿರಲಿಲ್ಲ. ಪಫ್ ಅಂದರೆ ಹಿಟ್ಟಿನ ಮಡಿಕೆಯ ನಡುವೆ ಬೆಣ್ಣೆ ತಣ್ಣಗೆ ಕೂತಿರಬೇಕು. ಮರದ ಮೇಜಿನ ಮೇಲೆ ನಾನು ಲಟ್ಟಿಸುವಷ್ಟರಲ್ಲಿ ಬೆಣ್ಣೆ ಕರಗಿ ಹಿಟ್ಟಿಗೆ ಸೇರಿಬಿಡುತ್ತಿತ್ತು. ಓವನ್ನಿನಿಂದ ತೆಗೆದರೆ ಪದರವಿಲ್ಲ, ಬಿಲ್ಲೆ. ಇವರು ಅದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಕರಗಿ ಗಟ್ಟಿಯಾಗಿದೆ ನೋಡು, ಅಗ್ನಿಶಿಲೆ ಥರ” ಅಂದರು. ಅವತ್ತು ಲಟ್ಟಣಿಗೆ ನನ್ನ ಕೈಯಲ್ಲೇ ಇತ್ತು. ನನ್ನ ತಾಳ್ಮೆಗೆ ಯಾರಾದರೂ ಪದಕ ಕೊಡಬೇಕು.

ಹೀಗೇ ಇರುವಾಗ ಕಚೇರಿಯಿಂದ ಫೋನು ಬಂತು. ಗುರುವಾರ ಅಧಿಕಾರಿ ಬರುತ್ತಾರೆ. ಆ ದಿನ ಸೋಮವಾರ. ನನಗೆ ಅತ್ತ ದರಿ ಇತ್ತ ಪುಲಿ. ಇವರಿಗೆ ಹೇಳಿದರೆ ಮತ್ತೆ ಭೂತಗನ್ನಡಿ ಹೊರಗೆ ಬರುತ್ತದೆ. ಪುಣ್ಯಕ್ಕೆ ಬುಧವಾರ ಇವರು ಶಾಲೆಯ ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುವವರಿದ್ದರು, ಇನ್ನೇತಕ್ಕೆ, ಕಲ್ಲು ತೋರಿಸುವುದಕ್ಕೆ. ನಾನು ಮಂಗಳವಾರ ಒಬ್ಬಳೇ ಮೊದಲ ವ್ಯಾಪಾರಿಯ ಹತ್ತಿರ ಹೋದೆ.

“ಮೇಷ್ಟ್ರು ಬಂದಿಲ್ಲ ತಾನೇ?” ಅಂತ ಅವನು ಗೇಟಿನ ಕಡೆ ಇಣುಕಿ ನೋಡಿದ. ಪಟ್ಟೆ ಕಲ್ಲು ಮಾರಾಟವಾಗಿ ಹೋಗಿತ್ತು. ಬೇರೆ ಗಟ್ಟಿ ಕಲ್ಲು ಕತ್ತರಿಸಿ ಪಾಲಿಶ್ ಮಾಡಿ ಕೊಡಬೇಕಾದರೆ ಮುಂದಿನ ವಾರ. ನಮ್ಮ ಅಳತೆಗೆ ಸಿದ್ಧವಿದ್ದದ್ದು ಒಂದೇ, ಬಿಳಿ ಮಾರ್ಬಲ್ಲು. ನಾನು ಅದರ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಹೊರಗೆ ಬಿಸಿಲಿದ್ದರೂ ಕೊಡದ ನೀರಿನ ಹಾಗೆ ತಣ್ಣಗಿತ್ತು. ಬೆಣ್ಣೆ ಇದರ ಮೇಲೆ ಕರಗುವುದಿಲ್ಲ ಅಂತ ನನ್ನ ಕೈಗೆ ಗೊತ್ತಾಯಿತು.

“ಅಕ್ಕಾ, ಹುಳಿ ಮಾತ್ರ ಬೀಳಿಸಬೇಡಿ” ಅಂದ ವ್ಯಾಪಾರಿ. ನಿಂಬೆಹಣ್ಣಿನ ಕೆಲಸಕ್ಕೆ ನನ್ನ ಹತ್ತಿರ ದೊಡ್ಡ ಸ್ಟೀಲ್ ತಟ್ಟೆಯಿತ್ತು. ಸರಿ, ಹಾಕಿಸಿಯೇ ಬಿಟ್ಟೆ. ಬುಧವಾರ ಮಧ್ಯಾಹ್ನದೊಳಗೆ ಗಾರೆಯವರು ಬಂದು ಕೂರಿಸಿ, ಸಂದು ಮುಚ್ಚಿ, ಒರೆಸಿ ಹೋದರು. ಅಡುಗೆಮನೆ ಬೆಳ್ಳಗೆ ನಗುತ್ತಿತ್ತು. ನಾನು ಒಂದು ಉಂಡೆ ಹಿಟ್ಟು ಲಟ್ಟಿಸಿ ನೋಡಿದೆ. ಕಟ್ಟೆ ಅಲುಗಲಿಲ್ಲ, ಬೆಣ್ಣೆ ಅಲುಗಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, “ಬಂದು ಏನಂತಾನೋ” ಅಂದರು. “ಏನಾದ್ರೂ ಅಂದ್ಕೊಳ್ಳಲಿ ಅತ್ತೆ, ಕಿತ್ತು ಹಾಕೋಕಂತೂ ಆಗಲ್ಲ” ಅಂದೆ.

ಸಂಜೆ ಬಂದರು. ಬೂಟಿನ ತುಂಬ ಮಣ್ಣು, ಹೆಗಲಲ್ಲಿ ಚೀಲ. ಕಟ್ಟೆ ನೋಡಿದರು. ಬಯ್ಯಲಿಲ್ಲ. ನನಗೆ ಆಶ್ಚರ್ಯವಾಯಿತು. ಪಫ್ ತಟ್ಟೆಯನ್ನು ಓವನ್ನಿಗೆ ಇಡಲು ನಾನು ಆ ಕಡೆ ತಿರುಗಿದೆ. ಹಿಂದಿನಿಂದ ಇವರ ದನಿ ಬಂತು, ಜಾತ್ರೆಗೆ ಬಂದ ಮಗುವಿನ ದನಿಯಂಥದ್ದು: “ಬಾ ಬಾ, ಬೇಗ ಬಾ, ಗುಳ್ಳೆ ನೋಡು!”

ತಿರುಗಿ ನೋಡುತ್ತೇನೆ, ಕೈಯಲ್ಲಿ ಪುಟ್ಟ ಸೀಸೆ, ಸೀಸೆಯಲ್ಲಿ ಹನಿ ಹಾಕುವ ನಳಿಗೆ. ನನ್ನ ಹೊಸ ಕಟ್ಟೆಯ ಮೇಲೆ, ಸರಿಯಾಗಿ ನಡುವೆ, ಹನಿ ಹನಿ ಆಸಿಡ್ಡು ಬುಸ್ಸೆಂದು ನೊರೆ ಕಾರುತ್ತಿದೆ. ಗುಡ್ಡದಲ್ಲಿ ಮಕ್ಕಳಿಗೆ ತೋರಿಸಲು ಒಯ್ದಿದ್ದ ಶಾಲೆಯ ಆಸಿಡ್ಡು. “ಸುಣ್ಣಕಲ್ಲು ರೂಪಾಂತರ ಆಗಿ ಮಾರ್ಬಲ್ ಆಗಿದ್ರೂ ಹುಟ್ಟುಗುಣ ಬಿಡಲಿಲ್ಲ ನೋಡು. ಗ್ರಾನೈಟಿಗೆ ಹಾಕಿದ್ರೆ ಹೀಗಾಗ್ತಿರ್ಲಿಲ್ಲ. ಗ್ರಾನೈಟಿಗೂ ಮಾರ್ಬಲ್ಲಿಗೂ ಇರೋ ವ್ಯತ್ಯಾಸ ತೋರಿಸೋಕೆ ಇದಕ್ಕಿಂತ...”

ನಾನು ಒದ್ದೆ ಬಟ್ಟೆ ತಂದು ಒರೆಸಿದೆ. ತಿಕ್ಕಿದೆ. ಸೋಪು ಹಾಕಿ ತಿಕ್ಕಿದೆ. ನೊರೆ ಹೋಯಿತು, ಹೊಳಪೂ ಹೋಯಿತು. ಹನಿ ಬಿದ್ದ ಕಡೆಯೆಲ್ಲ ಮಂಕು ಮಚ್ಚೆ, ಉಗುರು ಆಡಿಸಿದರೆ ತರಿ ತರಿ. ನಾಳೆ ಬೆಳಿಗ್ಗೆ ಅಧಿಕಾರಿ.

“ನಾಳೆ ಬರ್ತಾರೆ ರೀ ನೋಡೋಕೆ” ಅಂದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಇವರೊಂದಿಗೆ ಜಗಳವಾಡಿದ್ದೇನೆ, ಮಾತು ಬಿಟ್ಟಿದ್ದೇನೆ, ಪಾತ್ರೆ ಎಸೆದಿದ್ದೇನೆ. ಇವರೆದುರು ಅತ್ತಿರಲಿಲ್ಲ. ಅವತ್ತು ಗೊಳೋ ಅಂತ ಅತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ ಅತ್ತೆ. “ನಿಮ್ಮ ಶಿಲೆಗೆ ಬೆಂಕಿ ಹಾಕ! ನನ್ನ ಹೆಸರು ಒಂದು ಡಬ್ಬಿ ಮೇಲೆ ಬರೋದೂ ನಿಮಗೆ ಬೇಡವಾಯ್ತಾ?” ಅಂತ ಕೇಳಿದೆ. ಇವರು ಸೀಸೆ ಹಿಡಿದುಕೊಂಡು ನಿಂತೇ ಇದ್ದರು. ನಾಳೆ ತನಿಖೆಯೆಂದು ಇವರಿಗೆ ಗೊತ್ತಿರಲಿಲ್ಲ, ನಾನೇ ಹೇಳಿರಲಿಲ್ಲ. ಆದರೂ ನನಗೆ ಕರುಣೆ ಬರಲಿಲ್ಲ. ಪಫ್ ಸೀದುಹೋದ ವಾಸನೆ ಬಂದ ಮೇಲೆ ಅತ್ತೆಯೇ ಬಂದು ಓವನ್ನು ಆರಿಸಿದರು.

ಗುರುವಾರ ಇವರು ಶಾಲೆಗೆ ರಜೆ ಹಾಕಿದರು. ಯಾಕೆ ಅಂತ ನಾನು ಕೇಳಲಿಲ್ಲ, ಮಾತೇ ಆಡುತ್ತಿರಲಿಲ್ಲ. ಅಧಿಕಾರಿ ಬಂದರು, ಚುರುಕಾದ ಹೆಂಗಸು. ಬಂದವರೇ ಟಾರ್ಚು ಹಾಕಿ ಸಿಂಕಿನ ಅಡಿಗೆ ಬಗ್ಗಿದರು, ಓವನ್ನಿನ ಬಾಗಿಲಿನ ರಬ್ಬರು ಜಗ್ಗಿ ನೋಡಿದರು, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಎಲ್ಲದಕ್ಕೂ “ಸರಿ, ಸರಿ.” ಕೊನೆಗೆ ಕಟ್ಟೆಯ ಮುಂದೆ ನಿಂತರು.

“ಇದು ಯಾವ ಕಲ್ಲಮ್ಮ? ಮಾರ್ಬಲ್ ಆದ್ರೆ ನಾನು ಬಿಡೋಹಾಗಿಲ್ಲ. ಹುಳಿ ಬಿದ್ರೆ ತೂತು ಬೀಳತ್ತೆ, ತೂತಲ್ಲಿ ಕೊಳೆ ಕೂರತ್ತೆ. ಮೊನ್ನೆ ತಾನೇ ಒಬ್ಬರ ಅರ್ಜಿ ವಾಪಸ್ ಕಳಿಸಿದೆ. ಸ್ಟೀಲ್ ಇರಬೇಕು, ಇಲ್ಲಾ ಗ್ರಾನೈಟ್.”

ಗುಮಾಸ್ತ ಈ ಮಾತು ನನಗೆ ಹೇಳಿರಲಿಲ್ಲ. ಪಾಲಿಶ್ ಮಾಡಿದ ಕಲ್ಲು ಅಂದಿದ್ದ, ಅಷ್ಟೇ. ನಾನು ಬಟ್ಟೆ ತೆಗೆದುಕೊಂಡು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸತೊಡಗಿದೆ. ಅಧಿಕಾರಿ ನನ್ನ ಮುಖ ಬಿಟ್ಟು ಬಾಗಿಲಲ್ಲಿ ನಿಂತಿದ್ದ ಇವರ ಕಡೆ ತಿರುಗಿದರು. “ಓ, ಕಲ್ಲು ಮೇಷ್ಟ್ರು ನೀವೇ ಅಲ್ವಾ? ನನ್ನ ಅಣ್ಣನ ಮಗ ನಿಮ್ಮ ಕ್ಲಾಸಲ್ಲೇ ಇದಾನೆ. ಕಲ್ಲಿನ ಹೆಸರು ತಪ್ಪು ಹೇಳಿದ್ರೆ ದೇವರನ್ನೂ ಬಿಡಲ್ವಂತೆ ನೀವು! ನೀವೇ ಹೇಳಿಬಿಡಿ ಸಾರ್, ನಿಮ್ಮ ಮಾತಿಗಿಂತ ಇನ್ನೇನು ಬೇಕು ನಂಗೆ?”

ಮುಗಿಯಿತು ನನ್ನ ಕಥೆ ಅಂದುಕೊಂಡೆ. ಬಿಲ್ಲಿನ ಚೂರು ಕಾಗದಕ್ಕೆ ಸಹಿ ಹಾಕದ ಮನುಷ್ಯ. ಈಗ ಬಾಯಿ ಬಿಡುತ್ತಾರೆ, ಅಮೃತಶಿಲೆ, ರೂಪಾಂತರ ಶಿಲೆ, ಸುಣ್ಣಕಲ್ಲಿನ ಸಂತಾನ ಅಂತ ಪೂರ್ತಿ ಜಾತಕ ಓದುತ್ತಾರೆ. ನಾನು ಕಣ್ಣು ಮುಚ್ಚಿಕೊಂಡೆ.

“ಗ್ರಾನೈಟ್” ಅಂದರು.

ಕಣ್ಣು ಬಿಟ್ಟೆ. ಇವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

“ಬಿಳೀ ಗ್ರಾನೈಟೂ ಬರತ್ತಾ ಸಾರ್?”

“ಬರತ್ತೆ.”

“ಈ ಮಚ್ಚೆ?”

“ಅದು ನನ್ನ ಕೈಯಿಂದ ಆಗಿದ್ದು. ಶಾಲೆಯ ಆಸಿಡ್ ಬಿತ್ತು. ಪಾಲಿಶ್ ಮಾಡಿಸಿಕೊಡ್ತೀನಿ.”

ಗ್ರಾನೈಟಿನ ಮೇಲೆ ಆ ಆಸಿಡ್ ಬಿದ್ದರೆ ಹೀಗೆ ಮಚ್ಚೆ ಬೀಳುವುದಿಲ್ಲ ಅಂತ ಇವರ ತರಗತಿಯ ಕೊನೆಯ ಬೆಂಚಿಗೂ ಗೊತ್ತು. ಅಧಿಕಾರಿಗೆ ಗೊತ್ತಿರಲಿಲ್ಲ. ಸಹಿ ಗೀಚಿದರು, ಮೊಹರು ಒತ್ತಿದರು, ಪರವಾನಗಿ ಕಾಗದವನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ನನ್ನ ಹೆಸರಿತ್ತು. “ಒಳ್ಳೇದಾಗ್ಲಿ ಅಮ್ಮ, ಸ್ಟೇಷನ್ ಹತ್ರ ಬಂದಾಗ ನಿಮ್ಮ ಪಫ್ ತಿಂತೀನಿ” ಅಂದು ಸ್ಕೂಟರ್ ಹತ್ತಿದರು.

ನಾನು ಕುಣಿಯಬೇಕಿತ್ತು. ಕಾಗದ ಹಿಡಿದು ಹೊರಗೆ ಬಂದರೆ ಇವರು ಮೆಟ್ಟಿಲ ಮೇಲೆ ಕೂತಿದ್ದರು, ಯಾರದೋ ಸಾವಿನ ಸುದ್ದಿ ಕೇಳಿ ಬಂದವರ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲಿಂದ ಬಂತೋ ಆ ಸಿಟ್ಟು.

“ರೀ! ಇಷ್ಟು ಸಲೀಸಾಗಿ ಬಾಯಲ್ಲಿ ಬರೋ ಹಾಗಿದ್ರೆ ಬೇಸಿಗೇಲೇ ಹೇಳಬಹುದಿತ್ತಲ್ಲ! ಆ ಪಟ್ಟೆ ಕಲ್ಲನ್ನ ಗ್ರಾನೈಟ್ ಅಂದಿದ್ರೆ ಮುಗೀತಿತ್ತು. ಅದಾದ್ರೂ ನೋಡೋಕೆ ಹತ್ತಿರ ಇತ್ತು. ಹೋಗಿ ಹೋಗಿ ಮಾರ್ಬಲ್ಲನ್ನ ಗ್ರಾನೈಟ್ ಅಂತೀರಲ್ಲ, ನಿಮಗೆ ಬುದ್ಧಿ ಇದೆಯಾ?”

“ಸಲೀಸಾಗಿ ಬರಲಿಲ್ಲ ಕಣೇ” ಅಂದರು.

ತಲೆ ಎತ್ತಲಿಲ್ಲ. ಬೂಟಿಗೆ ಹತ್ತಿದ್ದ ಗುಡ್ಡದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದರು. “ನಾಳೆ ಆಯಮ್ಮನ ಅಣ್ಣನ ಮಗನ ಕ್ಲಾಸಿಗೇ ಶಿಲೆಗಳ ಪಾಠ ಇದೆ” ಅಂತ ನೆಲಕ್ಕೆ ಹೇಳಿದರು.

ನಾನು ಕಾಗದದಲ್ಲಿದ್ದ ನನ್ನ ಹೆಸರನ್ನು ಇನ್ನೊಮ್ಮೆ ನೋಡಿದೆ. ಈ ಮನುಷ್ಯನಿಗೆ ಆಸ್ತಿ ಅಂತ ಇದ್ದದ್ದು ಅದೊಂದೇ, ಕಲ್ಲಿಗೆ ತಪ್ಪು ಹೆಸರು ಹೇಳದ ಬಾಯಿ. ಅದನ್ನು ನನ್ನ ಡಬ್ಬಿಯ ಹೆಸರಿಗಾಗಿ ಕೊಟ್ಟುಬಿಟ್ಟಿದ್ದರು. ನಾನು ಕೇಳಿರಲಿಲ್ಲ. ಕೇಳದೆ ಕೊಟ್ಟದ್ದನ್ನು ವಾಪಸ್ ಮಾಡುವುದು ಹೇಗೆ ಅಂತಲೂ ನನಗೆ ತಿಳಿಯಲಿಲ್ಲ. ಎಂಥ ಗಂಡ ಸಿಕ್ಕನಪ್ಪಾ, ಸರಿ ಹೇಳಿದರೂ ಜೀವ ತಿನ್ನುತ್ತಾನೆ, ಸುಳ್ಳು ಹೇಳಿದರೂ ಜೀವ ತಿನ್ನುತ್ತಾನೆ.

ಒಳಗಿನಿಂದ ಅತ್ತೆ ಕೂಗಿ ಕೇಳಿದರು. “ಏನಾಯ್ತೋ? ಯಾವ ಕಲ್ಲು ಅಂತ ಹೇಳಿದೆ ಕೊನೆಗೆ?”

ಇವರು ಉತ್ತರ ಕೊಡಲು ಬಾಯಿ ತೆರೆದರು. ಆ ಮಾತನ್ನು ಇವರ ಬಾಯಲ್ಲಿ ಇನ್ನೊಮ್ಮೆ ಕೇಳಲು ನನ್ನಿಂದ ಆಗುತ್ತಿರಲಿಲ್ಲ.

“ಮಾರ್ಬಲ್ ಅತ್ತೆ!” ಅಂತ ನಾನೇ ಕೂಗಿದೆ. ಬೀದಿಗೆ ಕೇಳಿದರೆ ಕೇಳಲಿ. “ಅಮೃತಶಿಲೆ! ರೂಪಾಂತರ ಶಿಲೆ! ಸುಣ್ಣಕಲ್ಲು ನೆಲದೊಳಗೆ ಬೆಂದು ಬೆಂದು ಆಗಿರೋದು!”

ಇವರು ತಲೆ ಎತ್ತಿ ನನ್ನನ್ನು ನೋಡಿದರು.

“ಬರೀ ಬೆಂದ್ರೆ ಸಾಲದು” ಅಂದರು ಮೆಲ್ಲಗೆ. “ಒತ್ತಡಾನೂ ಬೇಕು.”

ನಾನು ಕಾಗದವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಪಕ್ಕದ ಮೆಟ್ಟಿಲಲ್ಲಿ ಕೂತೆ. “ಹೂಂ, ಮುಂದೆ ಹೇಳಿ” ಅಂದೆ. ಮದುವೆಯಾದ ಮೇಲೆ ಆ ಮಾತನ್ನು ನಾನು ಅವರಿಗೆ ಹೇಳಿದ್ದು ಅದೇ ಮೊದಲು.